ಕಾಫಿ ದುಡ್ಡು ವರ್ಷಕ್ಕೊಮ್ಮೆ, ಒಲೆ ಮಾತ್ರ ದಿನಾ ಉರಿಯಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪೇಪರಿನಲ್ಲಿ ಮನೆಯ ಬಜೆಟ್ ಬಗ್ಗೆ ಒಂದು ಲೇಖನ ಬಂದಿತ್ತು. ಚೆನ್ನಾಗಿಯೇ ಬರೆದಿದ್ದರು. ಸಂಬಳ ಬಂದ ದಿನವೇ ಅದನ್ನು ಮೂರು ಪಾಲು ಮಾಡಿ, ನೂರರಲ್ಲಿ 50 ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ ಅಂತ. ಅಮೆರಿಕದಿಂದ ಬಂದ ಸೂತ್ರವಂತೆ ಅದು. ಓದಿ ಮುಗಿಸಿ ಕಿಟಕಿಯಿಂದ ಆಚೆ ನೋಡಿದೆ, ನಮ್ಮ ಮನೆಯವರು ಕಣದಲ್ಲಿ ಕಾಫಿ ಕೆದಕುತ್ತಿದ್ದರು. "ರೀ, ನಿಮ್ಮ ಸಂಬಳ ಯಾವತ್ತು?" ಅಂತ ಕೂಗಿ ಕೇಳಿದೆ. "ಮಳೆ ಬರದಿದ್ದರೆ ಮೇ ಕೊನೆಗೆ" ಅಂದರು.

ಇದೇ ವಿಷಯ ಬರೆಯೋಣ ಅಂತ ಕೂತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ಕತ್ತರಿಸಿ, ಆದರೆ ಲೆಕ್ಕದ ಭಾಗ ಬಿಡಬೇಡಿ.

ನಾವು ಸುಂಟಿಕೊಪ್ಪ ಕಡೆಯವರು. ಮೂರು ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು, ಊಟಕ್ಕಾಗುವಷ್ಟು ಭತ್ತ ಬೆಳೆಯುವ ಅರ್ಧ ಎಕರೆ ಗದ್ದೆ. ಮನೆಯಲ್ಲಿ ಅತ್ತೆ, ನಾವಿಬ್ಬರು, ಮಂಗಳೂರಿನಲ್ಲಿ ಓದುವ ಮಗ, ಮಡಿಕೇರಿಗೆ ಬಸ್ಸಿನಲ್ಲಿ ಹೋಗಿಬರುವ ಮಗಳು. ಕೊಡಗಿನಲ್ಲಿ ನಮ್ಮಂಥ ಮನೆಗಳೇ ಜಾಸ್ತಿ. ಟಿವಿಯಲ್ಲಿ ಎಸ್ಟೇಟ್ ಅಂದ ಕೂಡಲೇ ದೊಡ್ಡ ಬಂಗಲೆ, ನಾಯಿ, ಜೀಪು ತೋರಿಸುತ್ತಾರೆ. ನಮ್ಮಲ್ಲಿ ನಾಯಿ ಮಾತ್ರ ಇದೆ.

ನಮಗೆ ದುಡ್ಡು ಬರುವುದು ವರ್ಷಕ್ಕೆ ಒಂದೇ ಸಲ. ಜನವರಿಯಿಂದ ಮಾರ್ಚ್‌ವರೆಗೆ ಕುಯ್ಲು, ಒಣಗಿಸುವುದು, ಮಾರುವುದು. ಆಮೇಲೆ ಮುಂದಿನ ಕುಯ್ಲಿನವರೆಗೆ ಬರೀ ಹೋಗುವುದೇ ಹೊರತು ಬರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಸಮಯಕ್ಕೆ ಬರದಿದ್ದರೆ ಸ್ಪ್ರಿಂಕ್ಲರ್ ಬಾಡಿಗೆಗೆ, ಡೀಸೆಲ್‌ಗೆ ಹೋಗುತ್ತದೆ. ಮಳೆಗಾಲಕ್ಕೆ ಮೊದಲು ಮೈಲುತುತ್ತ, ಸುಣ್ಣದ ಬೋರ್ಡೋ ಔಷಧಿ ಹೊಡೆಸಬೇಕು, ನೆರಳಿನ ಮರ ಸವರಿಸಬೇಕು, ಗೊಬ್ಬರ ಹಾಕಬೇಕು. ಜೂನ್‌ನಲ್ಲಿ ಮಳೆ ಮತ್ತು ಸ್ಕೂಲ್ ಫೀಸು ಒಟ್ಟಿಗೇ ಸುರಿಯುತ್ತವೆ. ಇಂಥವರಿಗೆ ತಿಂಗಳ ಬಜೆಟ್ ಹೇಳಿಕೊಟ್ಟರೆ ನಾವು ಅದನ್ನು ಯಾವ ತಿಂಗಳಿಗೆ ಹಾಕಿಕೊಳ್ಳುವುದು ಹೇಳಿ?

ನಮ್ಮ ಅತ್ತೆಗೆ ಈಗ 78. ಅವರು ಈ ಮನೆಗೆ ಬಂದ ಕಾಲದಲ್ಲಿ ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಬೆಳೆದದ್ದೆಲ್ಲ, ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ, ಕಾಫಿಗೆ ಕೇಳುವವರಿಲ್ಲದೆ ಹೋದಾಗ ಶುರುವಾದ ವ್ಯವಸ್ಥೆ ಅದು. ಕಾಫಿ ಒಪ್ಪಿಸಿದ ಕೂಡಲೇ ಒಂದಿಷ್ಟು ಮುಂಗಡ ಕೊಡುತ್ತಿದ್ದರಂತೆ. ಮಿಕ್ಕದ್ದು ಬೋರ್ಡು ಹರಾಜಿನಲ್ಲಿ ಮಾರಿದ ಹಾಗೆ, ಕಂತು ಕಂತಾಗಿ ಬರುತ್ತಿತ್ತು. ಕೊನೇ ಕಂತು ಕೈಗೆ ಸಿಗುವ ಹೊತ್ತಿಗೆ ಅದು ಯಾವ ವರ್ಷದ ಕಾಫಿ ಅನ್ನುವುದೇ ಮರೆತುಹೋಗಿರುತ್ತಿತ್ತು ಅಂತ ಅತ್ತೆ ನಗುತ್ತಾರೆ. ಎಲ್ಲರೂ ಬೋರ್ಡನ್ನು ಬೈದವರೇ. ನಮ್ಮ ಬೆಳೆ, ನಮ್ಮ ದುಡ್ಡು, ಕೊಡಲು ಇವರದ್ದೇನು ಸತಾಯಿಸುವುದು ಅಂತ. ಬೈದದ್ದು ಸರಿಯೇ. ಹೊರಗಿನ ಬೆಲೆ ಎಷ್ಟೇ ಇದ್ದರೂ ಬೆಳೆಗಾರರ ಕೈಗೆ ಬೋರ್ಡು ಕೊಟ್ಟಷ್ಟೇ ಸಿಗುತ್ತಿತ್ತು.

ಆದರೆ ಅತ್ತೆ ಒಂದು ಮಾತು ಹೇಳುತ್ತಾರೆ, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಆಗ ದುಡ್ಡು ಕಮ್ಮಿ ಇತ್ತು, ಆದರೆ ಒಂದು ವರ್ಷದಲ್ಲಿ ನಾಲ್ಕು ಸಲ ಬರ್ತಿತ್ತು. ಒಂದು ಸಲ ಹಾಳು ಮಾಡಿದ್ರೂ ಇನ್ನೊಂದು ಇರ್ತಿತ್ತು."

1990ರ ದಶಕದಲ್ಲಿ ಪೂಲ್ ಹಂತ ಹಂತವಾಗಿ ಸಡಿಲವಾಯಿತು, 1996ರ ಹೊತ್ತಿಗೆ ಪೂರ್ತಿ ಹೋಯಿತು. ಅದೇ ಸಮಯಕ್ಕೆ, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ತೋಟಗಳು ಸುಟ್ಟುಹೋಗಿದ್ದವು. ಇಲ್ಲಿ ಬೆಲೆ ಆಕಾಶಕ್ಕೆ ಹೋಯಿತು. ನಾನು ಸೊಸೆಯಾಗಿ ಬಂದದ್ದು 1998ರಲ್ಲಿ, ಆಗ ಅಂಗಳದಲ್ಲಿ ಹೊಸ ಜೀಪು ನಿಂತಿತ್ತು. 2002ಕ್ಕೆ ಆ ಜೀಪು ಇರಲಿಲ್ಲ. ವಿಯೆಟ್ನಾಂನವರು ವಿಪರೀತ ರೊಬಸ್ಟಾ ಬೆಳೆದು ಪ್ರಪಂಚದ ತುಂಬ ಸುರಿದಿದ್ದರು, ಬೆಲೆ ಪಾತಾಳಕ್ಕೆ ಇಳಿದಿತ್ತು. ಜೀಪಿನ ಹಿಂದೆಯೇ ನನ್ನ ಎರಡು ಬಳೆಗಳೂ ಅಡವಿಗೆ ಹೋದವು. ಒಂದು ಮಾತ್ರ ವಾಪಸ್ ಬಂತು.

ಈಗ ನೋಡಿ, ಅದೇ ವಿಯೆಟ್ನಾಂನಲ್ಲಿ ಬರ ಬಂದು 2024ರ ಏಪ್ರಿಲ್‌ನಲ್ಲಿ ನಮ್ಮ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿತು. ಅದಕ್ಕೆ ನಾಲ್ಕೈದು ವರ್ಷ ಹಿಂದೆ ಮೂರು ಮೂರೂವರೆ ಸಾವಿರಕ್ಕೆ ಕೊಟ್ಟು ಬಂದವರು ನಾವು. ನಮ್ಮ ಮನೆಯ ಬಜೆಟ್ ಹರಿದದ್ದು ಯಾವಾಗ ಗೊತ್ತಾ? ಮೂರು ಸಾವಿರ ಇದ್ದಾಗ ಅಲ್ಲ. ಆಗ ಹರಿಯುವುದಕ್ಕೆ ಬಜೆಟ್ಟೇ ಇರಲಿಲ್ಲ, ಇದ್ದದ್ದು ಸಾಲ ಮಾತ್ರ. ನಮ್ಮ ತೋಟದ 40 ಮೂಟೆಗೆ ಒಂದು ಲಕ್ಷದ ಮೂವತ್ತು ಸಾವಿರ ಬಂದರೆ ತೋಟದ ಖರ್ಚಿಗೇ ಸಾಲುವುದಿಲ್ಲ. ಅಂಥ ಮನೆಗೆ ಹೋಗಿ ಯೋಜನೆ ಮಾಡಿ ಖರ್ಚು ಮಾಡಿ ಅಂದರೆ ನನಗಂತೂ ಕೋಪ ಬರುತ್ತದೆ. ಇಲ್ಲದ ದುಡ್ಡನ್ನು ಯಾವ ಪುಸ್ತಕದಲ್ಲಿ ಬರೆದರೂ ಅದು ಇರುವುದಿಲ್ಲ.

ಹರಿದದ್ದು 2024ರಲ್ಲಿ, ಬೆಲೆ ಬಂದ ವರ್ಷ. ನಾವು ಎಲ್ಲವನ್ನೂ ಫೆಬ್ರವರಿಯಲ್ಲೇ ಒಂದೇ ಸಲ ಮಾರಿಬಿಟ್ಟಿದ್ದೆವು. ಏಪ್ರಿಲ್‌ನ ಬೆಲೆ ಸಿಗಲಿಲ್ಲ, ಆದರೂ ಸಿಕ್ಕಿದ್ದು ನಾವು ಅಲ್ಲಿಯವರೆಗೆ ನೋಡದಷ್ಟು. ಹಳೇ ಸಾಲ ತೀರಿಸಿದೆವು, ಅದು ಒಳ್ಳೆಯದಾಯಿತು. ಆಮೇಲೆ ಮಗನಿಗೆ ಬೈಕು, ಹಜಾರಕ್ಕೆ ಸೋಫಾ, ಎಲ್ಲರಿಗೂ ಹೊಸ ಫೋನು. ಏಪ್ರಿಲ್, ಮೇ ಅಂದರೆ ಇಲ್ಲಿ ಮದುವೆ ಸೀಸನ್, ಅದರ ಜೊತೆಗೆ ಕುಟುಂಬಗಳ ಹಾಕಿ, ಕ್ರಿಕೆಟ್ ಪಂದ್ಯಾವಳಿ. ನೋಡಲು ಹೋದರೆ ನೆಂಟರು ಸಿಗುತ್ತಾರೆ, ನೆಂಟರು ಸಿಕ್ಕರೆ ಮನೆಗೆ ಬರುತ್ತಾರೆ, ಬಂದರೆ ಪಂದಿ ಕರಿ ಆಗಲೇಬೇಕು. ನಾನು ಯಾವುದನ್ನೂ ಬೇಡ ಅನ್ನುವುದಿಲ್ಲ, ಹನ್ನೆರಡು ತಿಂಗಳಲ್ಲಿ ಮನುಷ್ಯರ ಮುಖ ನೋಡುವುದು ಆ ಎರಡೇ ತಿಂಗಳು. ಆದರೆ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬ ಮುಗಿಯುವಾಗ ಬ್ಯಾಂಕಿನಲ್ಲಿ ಉಳಿದದ್ದು ಹನ್ನೊಂದು ಸಾವಿರ. ಅಕ್ಟೋಬರ್‌ನಲ್ಲಿ ಮಗನ ಪರೀಕ್ಷೆ ಫೀಸು ಬಂತು. ಕೂತು ಲೆಕ್ಕ ಹಾಕಿದೆವು, ಸುಮಾರು ಅರವತ್ತು ಸಾವಿರ ಎಲ್ಲಿ ಹೋಯಿತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಕಳ್ಳ ಬಂದಿರಲಿಲ್ಲ. ನಾವೇ ಇಪ್ಪತ್ತು, ಐವತ್ತು, ಇನ್ನೂರು ಅಂತ ಸ್ಕ್ಯಾನ್ ಮಾಡಿ ಮಾಡಿ ಮುಗಿಸಿದ್ದೆವು.

ಆಮೇಲೆ ಆದದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವುದೇ. ಕಾಫಿ ವ್ಯಾಪಾರಿಯ ಹತ್ತಿರ ಹೋಗಿ ಮುಂಗಡ ತಂದೆವು. ಗಿಡದಲ್ಲಿ ಕಾಯಿ ಇನ್ನೂ ಹಸಿರು, ಆಗಲೇ ಐವತ್ತು ಸಾವಿರ ಕೈಗೆ. ಬಡ್ಡಿ ಇಲ್ಲ ಅನ್ನುತ್ತಾರೆ. ಆದರೆ ಕುಯ್ಲಾದ ಮೇಲೆ ಕಾಫಿ ಅವರಿಗೇ ಕೊಡಬೇಕು, ರೇಟು ಅವರು ಹೇಳಿದ್ದು. ಆ ವಾರ ಬೇರೆಯವರು ಕೊಡುತ್ತಿದ್ದ ಬೆಲೆಗಿಂತ ಮೂಟೆಗೆ 300 ಕಮ್ಮಿ ಸಿಕ್ಕಿತು. 40 ಮೂಟೆಗೆ 12,000 ಆಯಿತು. ಐವತ್ತು ಸಾವಿರವನ್ನು ನಾಲ್ಕು ತಿಂಗಳು ಇಟ್ಟುಕೊಂಡದ್ದಕ್ಕೆ ಹನ್ನೆರಡು ಸಾವಿರ! ಬ್ಯಾಂಕಿನವರು ಇಷ್ಟು ಕೇಳಿದ್ದರೆ ಊರೆಲ್ಲ ಸೇರಿ ಧರಣಿ ಕೂರುತ್ತಿದ್ದೆವು, ಅಲ್ವಾ? ವ್ಯಾಪಾರಿಯನ್ನು ಬೈಯುತ್ತಿಲ್ಲ. ಅವರೇನು ಮನೆಗೆ ಬಂದು ಕೊಡಲಿಲ್ಲ, ನಾವೇ ಹೋಗಿ ಕೇಳಿದ್ದು.

ಆ ಕುಯ್ಲಿನ ಹೊತ್ತಿಗೆ ಅತ್ತೆಯ ಮಾತು ನೆನಪಾಯಿತು. ನಾಲ್ಕು ಸಲ ಕೊಡುವ ಬೋರ್ಡು ಈಗ ಇಲ್ಲ. ಹಾಗಾದರೆ ಆ ಕೆಲಸ ನಾವೇ ಮಾಡಬೇಕು. 2025ರ ಮಾರ್ಚ್‌ನಲ್ಲಿ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದೆವು, ಅತ್ತೆ ಮತ್ತು ನನ್ನ ಹೆಸರಿನಲ್ಲಿ ಜಂಟಿಯಾಗಿ. ಕಾಫಿ, ಮೆಣಸಿನ ದುಡ್ಡು ಎಲ್ಲ ಅಲ್ಲಿಗೆ. ಅದಕ್ಕೆ ಎಟಿಎಂ ಕಾರ್ಡ್ ತೆಗೆದುಕೊಂಡಿಲ್ಲ, ಫೋನಿಗೆ ಜೋಡಿಸಿಲ್ಲ. ದುಡ್ಡು ಬೇಕಾದರೆ ಚೀಟಿ ಬರೆದು, ಅತ್ತೆಯನ್ನು ಕರೆದುಕೊಂಡು ಬ್ಯಾಂಕಿಗೇ ಹೋಗಬೇಕು. ಮಂಡಿ ನೋವಿರುವ ಅತ್ತೆಯನ್ನು ಬಸ್ ಹತ್ತಿಸುವುದಕ್ಕಿಂತ ಸೋಫಾ ಬೇಡ ಅನ್ನಿಸುತ್ತದೆ. ಮನೆಯಲ್ಲಿ ಅದಕ್ಕೆ ಇಟ್ಟಿರುವ ಹೆಸರು "ಬೋರ್ಡು".

ಬೋರ್ಡು ಪ್ರತಿ ತಿಂಗಳು 1ನೇ ತಾರೀಕು ನಮ್ಮ ಮನೆಗೆ ಸಂಬಳ ಕೊಡುತ್ತದೆ. ತಿಂಗಳ ವರ್ಗಾವಣೆಗೆ ಬ್ಯಾಂಕಿನಲ್ಲಿ ಒಂದೇ ಸಲ ಬರೆದುಕೊಟ್ಟರೆ ಸಾಕು, ಅದು ತಾನಾಗಿ ಹಳೇ ಖಾತೆಗೆ ಹೋಗಿಬಿಡುತ್ತದೆ. ಅದಕ್ಕಾಗಿ ಅತ್ತೆ ಬಸ್ ಹತ್ತಬೇಕಾಗಿಲ್ಲ.

ಈಗ ಲೆಕ್ಕ. ನಾಚಿಕೆ ಬಿಟ್ಟು ಬರೆಯುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಎಲ್ಲರೂ ಬುದ್ಧಿ ಹೇಳುತ್ತಾರೆ, ಅಂಕಿ ಯಾರೂ ಹೇಳುವುದಿಲ್ಲ. ಮೊದಲನೆಯದು, ಪೇಪರಿನಲ್ಲಿ ಬರುವ ದರವನ್ನು ನಾವು ಬಜೆಟ್‌ಗೆ ಹಾಕಲಿಲ್ಲ. ಮೂಟೆಗೆ 8,000 ಅಂತ ಹಿಡಿದೆವು. 40 ಮೂಟೆಗೆ 3 ಲಕ್ಷದ 20 ಸಾವಿರ. ಮೆಣಸು ಒಂದೂವರೆ ಕ್ವಿಂಟಾಲ್, ಕೆ.ಜಿ.ಗೆ 500ರ ಹಾಗೆ 75 ಸಾವಿರ. ಒಟ್ಟು 3 ಲಕ್ಷದ 95 ಸಾವಿರ. ಅದಕ್ಕಿಂತ ಮೇಲೆ ಏನು ಬಂದರೂ ಅದು ಬಜೆಟ್‌ಗೆ ಸೇರಿದ್ದಲ್ಲ, ಬೋರ್ಡಿನಲ್ಲೇ ಬಿದ್ದಿರಲಿ, ಕೆಟ್ಟ ವರ್ಷಕ್ಕೆ.

ಇದರಲ್ಲಿ ತೋಟದ್ದು ಮೊದಲು ತೆಗೆದೆವು, 1 ಲಕ್ಷದ 40 ಸಾವಿರ. ಕುಯ್ಲಿನ ಕೂಲಿ, ಗೊಬ್ಬರ, ಮೈಲುತುತ್ತ, ಕಳೆ, ಮರ ಸವರುವುದು. ತೋಟಕ್ಕೆ ಕೊಡದೆ ಮನೆ ನಡೆಸಿದರೆ ಅದು ಮುಂದಿನ ವರ್ಷದ ಸಂಬಳ ತಿಂದ ಹಾಗೆ. ಉಳಿದದ್ದು 2 ಲಕ್ಷದ 55 ಸಾವಿರ. ಮಕ್ಕಳ ಫೀಸು, ಹಾಸ್ಟೆಲ್ಲು, ಪುಸ್ತಕ 80 ಸಾವಿರ. ಆಮೇಲೆ ವರ್ಷಕ್ಕೊಮ್ಮೆ ಬರುವ ತಲೆನೋವುಗಳು ಅಂತ ನಾನೊಂದು ಪಟ್ಟಿ ಮಾಡಿದ್ದೇನೆ. ಸ್ಕೂಟರ್, ಬೈಕಿನ ವಿಮೆ, ಎಲ್‌ಐಸಿ ಕಂತು, ಮನೆ ಕಂದಾಯ, ಮಳೆಗೆ ಮೊದಲು ಹೆಂಚು ಕೈಯಾಡಿಸುವುದು, ಬಾವಿ ಪಂಪಿನ ರಿಪೇರಿ (ಇದು ತಪ್ಪಿದ ವರ್ಷವೇ ಇಲ್ಲ). ಇದಕ್ಕೆ 25 ಸಾವಿರ. ಮಳೆಗಾಲದ ದಾಸ್ತಾನಿಗೆ 15 ಸಾವಿರ. ಅಲ್ಲಿಗೆ ಉಳಿಯಿತು 1 ಲಕ್ಷದ 35 ಸಾವಿರ. ಅದರಲ್ಲಿ 15 ಸಾವಿರ ಆಸ್ಪತ್ರೆಗೆ ಅಂತ ಪಕ್ಕಕ್ಕೆ. ಮಿಕ್ಕ 1 ಲಕ್ಷದ 20 ಸಾವಿರವೇ ಹನ್ನೆರಡು ತಿಂಗಳ ಸಂಬಳ.

ಹತ್ತು ಹತ್ತು ಸಾವಿರ ಅಂತ ಸಮ ಭಾಗ ಮಾಡಿದರೆ ಏಪ್ರಿಲ್‌ನಲ್ಲೇ ಒಡೆದುಹೋಗುತ್ತದೆ. ಅದಕ್ಕೆ ಏಪ್ರಿಲ್, ಮೇ ಎರಡು ತಿಂಗಳಿಗೆ 13,000, ಮಿಕ್ಕ ಹತ್ತು ತಿಂಗಳಿಗೆ 9,400. ಮದುವೆ ಮನೆಗೆ ಮುಯ್ಯಿ ಕೊಡಲೇಬೇಕು, ಅದನ್ನು ಅನಿರೀಕ್ಷಿತ ಖರ್ಚು ಅಂತ ಕರೆಯುವುದು ಸುಮ್ನೆ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಆಮಂತ್ರಣ ಪತ್ರಿಕೆ ಒಂದು ತಿಂಗಳು ಮೊದಲೇ ಬಂದಿರುತ್ತದೆ.

ಮಳೆಗಾಲದ ದಾಸ್ತಾನು ಅಂದೆನಲ್ಲ, ಅದೊಂದು ನಾನು ಹೊಸದಾಗಿ ಕಲಿತದ್ದಲ್ಲ. ಮೊದಲು ಪ್ರತಿ ಮನೆಯಲ್ಲೂ ಇದ್ದದ್ದೇ. ಮೇ ತಿಂಗಳಲ್ಲಿ ಸೌದೆ ಒಡೆದು ಒಟ್ಟಬೇಕು, ಒಣಮೀನು ತರಬೇಕು, ಮೆಣಸಿನಕಾಯಿ, ಬೇಳೆ, ಬೆಲ್ಲ, ಉಪ್ಪು, ಎಣ್ಣೆ ತುಂಬಿಸಬೇಕು, ಮಾವಿನಕಾಯಿ ಉಪ್ಪಿಗೆ ಹಾಕಬೇಕು, ಹಲಸಿನ ಬೀಜ ಎತ್ತಿಡಬೇಕು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಹೊಳೆ ತುಂಬಿ, ಮರ ಬಿದ್ದು, ವಾರಗಟ್ಟಲೆ ಪೇಟೆಗೆ ಹೋಗಲು ಆಗದಿದ್ದ ಕಾಲದ ಬಜೆಟ್ ಅದು. ಈಗ ಅಂಗಡಿ ಹತ್ತಿರ ಬಂದಿದೆ, ಆದರೂ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳೇ ಹೋದಾಗ ಯಾರ ಮನೆಯ ಅಟ್ಟದಲ್ಲಿ ಅಕ್ಕಿ ಇತ್ತೋ ಅವರ ಮನೆಯಲ್ಲಿ ಅಕ್ಕಪಕ್ಕದವರೂ ಉಂಡರು. ಅದು ಬಿಡಿ, ಬರೀ ದುಡ್ಡಿನ ಲೆಕ್ಕ ನೋಡಿದರೂ ಮೇನಲ್ಲಿ ಒಟ್ಟಿಗೆ ತಂದದ್ದು ನಮಗೆ ಲಾಭವೇ ಆಗಿದೆ. 2025ರಲ್ಲಿ ತೆಂಗಿನೆಣ್ಣೆ ಏರಿದ್ದು ನೆನಪಿದೆಯಲ್ಲ, ಕೆ.ಜಿ.ಗೆ ನಾನ್ನೂರು ದಾಟಿ ಹೋಯಿತು. ನಮ್ಮ ಹತ್ತಿರ ಮೇ ತಿಂಗಳ ಎಣ್ಣೆ ಇತ್ತು.

ಇನ್ನೊಂದು, ಮಳೆಗಾಲದಲ್ಲಿ ತರಕಾರಿಗೆ ಅಂಗಡಿಗೆ ಓಡುವ ಅಭ್ಯಾಸ ನಮಗೆ ಈಚೆಗೆ ಬಂದದ್ದು. ಕೆಸ ಇದೆ, ಕಣಿಲೆ (ಎಳೆ ಬಿದಿರು) ಇದೆ, ಮಳೆ ಹದವಾಗಿ ಬಂದರೆ ಅಣಬೆ ಇದೆ, ಹೊಲದ ಬದುವಿನಲ್ಲಿ ಏಡಿ ಇದೆ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ದಾಟಿದಾಗ ಅತ್ತೆ ಕಾಡುಮಾವು, ಹುಣಸೆಯಲ್ಲೇ ಎರಡು ತಿಂಗಳು ಸಾರು ಮಾಡಿದರು. ಮಗಳು ಮಾತ್ರ ಮುಖ ಊದಿಸಿಕೊಂಡಿದ್ದಳು.

ಬಜೆಟ್ ಮಾಡುವುದು ಒಂದು ಸಂಜೆಯ ಕೆಲಸ, ಅದರ ಹಿಂದೆ ನಡೆಯುವುದೇ ಕಷ್ಟ. ಮೊದಲು ಮಗ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಪ್ರತಿ ಖರ್ಚಿಗೂ ಯಾವ ವರ್ಗ ಅಂತ ಕೇಳುತ್ತಿತ್ತು. ಎಲೆ ಅಡಿಕೆ ಯಾವ ವರ್ಗ? ಆಹಾರವೋ, ಮನರಂಜನೆಯೋ? ಹದಿನೈದು ದಿನದಲ್ಲಿ ಬಿಟ್ಟೆ. ಈಗ ಅಡುಗೆ ಮನೆಯ ಗೋಡೆಯಲ್ಲಿರುವ ಕ್ಯಾಲೆಂಡರೇ ನನ್ನ ಪುಸ್ತಕ. ಹಾಲಿನ ಲೆಕ್ಕ, ಗ್ಯಾಸ್ ಹಾಕಿದ ತಾರೀಕು, ಆಳಿನ ಹಾಜರಿ ಮೊದಲಿನಿಂದಲೂ ಅದರಲ್ಲೇ ಬರೆಯುತ್ತಿದ್ದೆವು, ಈಗ ಆ ದಿನದ ಒಟ್ಟು ಖರ್ಚೂ ಅದೇ ಚೌಕದಲ್ಲಿ. ಯಾವುದಕ್ಕೆ ಅಂತ ಬರೆಯುವುದಿಲ್ಲ, ಎಷ್ಟು ಅಂತ ಮಾತ್ರ. ಗುರುವಾರ ರಾತ್ರಿ ಏಳು ಚೌಕ ಕೂಡಿಸಿದರೆ ಶುಕ್ರವಾರ ಮಡಿಕೇರಿ ಸಂತೆಗೆ ಎಷ್ಟು ಒಯ್ಯಬಹುದು ಅಂತ ಗೊತ್ತಾಗುತ್ತದೆ. ಸಂತೆಗೆ ನೋಟು ಮಾತ್ರ, ಫೋನು ಚೀಲದ ತಳದಲ್ಲಿ. ನೋಟು ಕೊಡುವಾಗ ಕೈ ಒಂದು ಗಳಿಗೆ ತಡೆಯುತ್ತದೆ, ಸ್ಕ್ಯಾನ್ ಮಾಡುವಾಗ ತಡೆಯುವುದಿಲ್ಲ. ಕರೆಂಟ್ ಬಿಲ್ಲು, ಗ್ಯಾಸು, ರೀಚಾರ್ಜಿಗೆ ಫೋನಿನಿಂದ ಕಟ್ಟುತ್ತೇನೆ, ಅಷ್ಟೇ.

ಸಣ್ಣ ಖರ್ಚನ್ನು ವರ್ಷಕ್ಕೆ ಗುಣಿಸಿ ನೋಡುವ ಚಟವೂ ಹತ್ತಿದೆ. 2025ರ ಏಪ್ರಿಲ್ 1ರಿಂದ ಪ್ಯಾಕೆಟ್ ಹಾಲು ಲೀಟರಿಗೆ 4 ರೂಪಾಯಿ ಏರಿತು. ನಾಲ್ಕೇ ರೂಪಾಯಿ ತಾನೇ ಅಂದರು ಮನೆಯವರು. ದಿನಕ್ಕೆ ಒಂದೂವರೆ ಲೀಟರಿಗೆ 6 ರೂಪಾಯಿ, ವರ್ಷಕ್ಕೆ 2,190. ಹಾಲು ಬಿಡಲಿಲ್ಲ, ಕಾಫಿ ಬೆಳೆಯುವ ಮನೆಯಲ್ಲಿ ಹಾಲಿಲ್ಲದೆ ಹೇಗೆ, ಆದರೆ ಆ ದುಡ್ಡನ್ನು ಎಲ್ಲಿಂದಲಾದರೂ ತರಬೇಕಲ್ಲ, ಟಿವಿ ಪ್ಯಾಕೇಜಿನಲ್ಲಿ ನೋಡದ ಚಾನೆಲ್ಲುಗಳನ್ನು ತೆಗೆಸಿದೆವು.

ಜಗಳ ಆಗಿಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲ ಮೂರು ತಿಂಗಳು ಕ್ಯಾಲೆಂಡರ್ ಮುಂದೆ ನಿಂತು ಜಗಳವೇ. "ಇದು ಏನು 340?" ಅಂತ ನಾನು, "ನಾನೇನು ನಿನ್ನ ಮೇಸ್ತ್ರಿಯಾ ಲೆಕ್ಕ ಒಪ್ಪಿಸೋಕೆ" ಅಂತ ಅವರು. ಕೊನೆಗೆ ಇಬ್ಬರಿಗೂ ತಿಂಗಳಿಗೆ 600 ರೂಪಾಯಿ, ಕೇಳುವ ಹಾಗಿಲ್ಲ, ಬರೆಯುವ ಹಾಗಿಲ್ಲ ಅಂತ ಆಯಿತು. ಅತ್ತೆಗೂ 300. ಅವರದ್ದು ಎಲ್ಲಿ ಹೋಗುತ್ತದೋ ನಮಗೆ ಇವತ್ತಿಗೂ ಗೊತ್ತಿಲ್ಲ, ಮೊಮ್ಮಗಳಿಗೆ ಮಾತ್ರ ಗೊತ್ತು. ಲೆಕ್ಕವಿಲ್ಲದ ಈ ದುಡ್ಡು ಬಂದ ಮೇಲೆಯೇ ಮಿಕ್ಕ ಲೆಕ್ಕ ನೆಟ್ಟಗಾದದ್ದು.

ಹೋದ ವರ್ಷ ಎಲ್ಲವೂ ಸರಿಯಾಗಿ ಹೋಯಿತಾ? ಇಲ್ಲ. ನವೆಂಬರ್‌ನಲ್ಲಿ ಬಚ್ಚಲಿನ ಹಂಡೆ ತೂತಾಯಿತು, ಅದೇ ತಿಂಗಳು ಅತ್ತೆಗೆ ಕಣ್ಣಿನ ಆಪರೇಷನ್. ಆಸ್ಪತ್ರೆಗೆ ಇಟ್ಟ 15 ಸಾವಿರ ಸಾಲದೆ ಬೋರ್ಡಿನಿಂದ ಇನ್ನೂ 9 ಸಾವಿರ ತೆಗೆದೆವು. ಪುತ್ತರಿ ಹಬ್ಬಕ್ಕೆ ಹೊಸ ಬಟ್ಟೆ ಇರಲಿಲ್ಲ, ಮಗಳಿಗೆ ಮಾತ್ರ ತಂದೆವು. ಆದರೆ ಅಕ್ಟೋಬರ್‌ನಲ್ಲಿ ವ್ಯಾಪಾರಿಯ ಮನೆ ಬಾಗಿಲಿಗೆ ಹೋಗಲಿಲ್ಲ. ಈ ಸಲ ಕಾಫಿಯನ್ನು ಮೂರು ಕಡೆ ವಿಚಾರಿಸಿ, ಜಾಸ್ತಿ ಹೇಳಿದವರಿಗೆ 20 ಮೂಟೆ ಕೊಟ್ಟಿದ್ದೇವೆ. ಕಣದಲ್ಲಿ ಈಗ ಒಣಗುತ್ತಿರುವುದು ಮಿಕ್ಕದ್ದು, ಅದು ಮೇ ಕೊನೆಗೆ, ಫೀಸಿನ ಹೊತ್ತಿಗೆ. ಅದಕ್ಕಿಂತ ತಡ ಮಾಡುವ ಧೈರ್ಯ ನಮಗಿಲ್ಲ. ಮಳೆ ಹಿಡಿದರೆ ಚೆರಿ ತೇವ ಎಳೆದುಕೊಳ್ಳುತ್ತದೆ, ಹಲಗೆಯ ಮೇಲೆ ಇಟ್ಟರೂ ಬೂಷ್ಟು ಬರುತ್ತದೆ. ಬೆಲೆ ಏರಲಿ ಅಂತ ಕಾಯುವುದು ಬೇರೆ, ಖರ್ಚಿನ ತಾರೀಕು ನೋಡಿ ಮಾರುವುದು ಬೇರೆ. ನಾವು ಮಾಡುತ್ತಿರುವುದು ಎರಡನೆಯದು.

ಸಹಕಾರ ಸಂಘದ ಸಾಲದ ಬಗ್ಗೆ ಎರಡು ಮಾತು. 5 ಲಕ್ಷದವರೆಗೆ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ಗಡುವಿನೊಳಗೆ ಕಟ್ಟಿದರೆ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಮಾರ್ಚ್ ಕೊನೆಯಲ್ಲಿ ಒಂದೆರಡು ದಿನಕ್ಕೆ ಅಂತ ಎಲ್ಲಿಂದಲೋ ಕೈಸಾಲ ತಂದು ಕಟ್ಟಿ, ಮತ್ತೆ ಬೆಳೆ ಸಾಲ ತೆಗೆದು ಆ ಕೈಸಾಲ ತೀರಿಸುತ್ತಾರೆ. ಕಾಫಿ ಮಾರಿದ ತಿಂಗಳಲ್ಲೇ ಸಾಲ ಕಟ್ಟಲು ದುಡ್ಡಿಲ್ಲ ಅಂದರೆ ಅದು ಹೋದ ವರ್ಷವೇ ಖರ್ಚಾಗಿದೆ ಅಂತ ಅರ್ಥ. ನಾವೂ ಆರು ವರ್ಷ ಹಾಗೇ ಮಾಡಿದವರು, ಅದಕ್ಕೇ ಗೊತ್ತು.

ನಮ್ಮ ತೋಟಕ್ಕೆ ಬರುವ ಒಬ್ಬ ಹೆಂಗಸಿಗೆ ನನ್ನ ಈ ಬೋರ್ಡು ಕತೆ ಹೇಳಿದೆ. ನಕ್ಕುಬಿಟ್ಟಳು. "ಅಕ್ಕ, ನಿಮಗೆ ವರ್ಷದ್ದು ಒಂದೇ ಸಲ ಬರ್ತದೆ, ನನಗೆ ಶನಿವಾರ ಬಟವಾಡೆ, ಭಾನುವಾರ ಖಾಲಿ" ಅಂದಳು. ಅವಳ ಬಜೆಟ್ ವಾರದ್ದು. ಬಟವಾಡೆ ಆದ ಕೂಡಲೇ ಅಂಗಡಿಯ ಉದ್ರಿ ತೀರಿಸಿ, ವಾರದ ಅಕ್ಕಿ ಸಾಮಾನು ಮೊದಲು ತೆಗೆದುಕೊಂಡು, ಆಮೇಲೆ ಸಂಘದ ಕಂತು ಕಟ್ಟುತ್ತಾಳೆ. ಗೃಹಲಕ್ಷ್ಮಿಯ 2,000ವನ್ನು ಅವಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಂದಾಗ ಬಂತು, ಬಂದದ್ದು ನೇರ ಮಗನ ಹೆಸರಿನ ಆರ್‌ಡಿಗೆ. ಬಸ್ಸಿಗೆ ಟಿಕೆಟ್ ಇಲ್ಲದೆ ಉಳಿಯುವುದನ್ನೂ ಬರೆದಿಡುತ್ತಾಳಂತೆ! ಜೋರು ಮಳೆಯಲ್ಲಿ ಕೆಲಸವಿಲ್ಲದ ವಾರಕ್ಕೆ ಅಂತ ಮೇ ತಿಂಗಳಲ್ಲೇ ಒಂದು ಮೂಟೆ ಅಕ್ಕಿ ತಂದು ಇಟ್ಟುಕೊಳ್ಳುತ್ತಾಳೆ. ನನಗಿಂತ ಹತ್ತು ವರ್ಷ ಮೊದಲಿನಿಂದ ಮಾಡುತ್ತಿದ್ದಾಳೆ. ಯಾವ ಪೇಪರಿನವರೂ ಅವಳ ಹತ್ತಿರ ಲೇಖನ ಬರೆಸಿಲ್ಲ.

ಕೊನೆಗೆ ನನ್ನ ಕೇಳಿಕೆಗಳು, ಇದಕ್ಕಾಗಿಯೇ ಪತ್ರ ಶುರು ಮಾಡಿದ್ದು.

ಜಿಲ್ಲೆಯ ಖಾಸಗಿ ಶಾಲೆ, ಕಾಲೇಜುಗಳು ಮುಂದಿನ ವರ್ಷದ ಫೀಸು ಎಷ್ಟು ಅಂತ ಫೆಬ್ರವರಿಯಲ್ಲೇ ಬರೆದು ತಿಳಿಸಲಿ. ನಮ್ಮ ಕೈಯಲ್ಲಿ ದುಡ್ಡಿರುವುದು ಆಗ. ಮೇ ಕೊನೆಯಲ್ಲಿ ಹೇಳಿ ಜೂನ್ ಮೊದಲ ವಾರ ಪೂರ್ತಿ ಕಟ್ಟಿ ಅಂದರೆ, ಕಾಫಿ ಊರಿನಲ್ಲಿ ಶಾಲೆ ನಡೆಸಿ ಇವರಿಗೆ ಇಷ್ಟು ವರ್ಷದಲ್ಲಿ ಏನು ಗೊತ್ತಾಯಿತು? ಮಾರ್ಚ್‌ನಲ್ಲೇ ಕಟ್ಟುವವರಿಗೆ ಸ್ವಲ್ಪ ಬಿಟ್ಟುಕೊಟ್ಟರೆ ಅವರಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಪೋಷಕರ ಸಭೆಯಲ್ಲಿ ನಾನು ಇದನ್ನು ಎರಡು ಸಲ ಕೇಳಿದೆ, ನೋಡೋಣ ಅಂದರು. ನೀವು ಬರೆದರೆ ನೋಡಿಯಾರು.

ಮತ್ತೆ ನಿಮ್ಮಲ್ಲಿ. ಮುಂದಿನ ಸಲ ಬಜೆಟ್ ಬಗ್ಗೆ ಲೇಖನ ಹಾಕುವಾಗ ತಿಂಗಳ ಸಂಬಳದವರ ಜೊತೆಗೆ ವರ್ಷಕ್ಕೊಮ್ಮೆ ಬೆಳೆ ಮಾರುವವರಿಗೆ, ವಾರದ ಬಟವಾಡೆಯವರಿಗೆ, ಮಳೆ ಬಂದರೆ ಬುಕಿಂಗ್ ರದ್ದಾಗುವ ಹೋಂಸ್ಟೇಯವರಿಗೆ ಕೂಡ ಒಂದೊಂದು ಪುಟ ಕೊಡಿ. ಬರೆಯುವವರು ಇಲ್ಲೇ ಇದ್ದಾರೆ, ಕೇಳಿದರೆ ಹೇಳುತ್ತಾರೆ.

ಪತ್ರ ಮುಗಿಸಿ ಅತ್ತೆಗೆ ಓದಿ ಹೇಳಿದೆ. ಪೂಲ್ ವಿಷಯದಲ್ಲಿ ಒಂದೆರಡು ತಪ್ಪು ತಿದ್ದಿದರು. ಆಮೇಲೆ ಕನ್ನಡಕ ತೆಗೆದು, ಕಾಫಿ ದರದ ಪಟ್ಟಿಯ ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಅಂತಲೂ ಬರಿ ಅಂದರು. ಆಪರೇಷನ್ ಆದ ಮೇಲೂ ಅದೊಂದು ಕಾಣುವುದಿಲ್ಲವಂತೆ.

ಇಂತಿ,
ಒಬ್ಬ ಸಣ್ಣ ಬೆಳೆಗಾರ್ತಿ
ಸುಂಟಿಕೊಪ್ಪ ಹತ್ತಿರ, ಕೊಡಗು